ಐನಾಪುರಕ್ಕೆ ಒಯ್ದ ಉಡಿ

ಒಂದು ರಾಜ್ಯದ ಹೆಣ್ಣುಮಗಳು ಇನ್ನೊಂದು ರಾಜ್ಯಕ್ಕೆ ಹೊರಟಳಂತೆ ಎಂದೇ ನನ್ನ ಅಜ್ಜಿಯ ಕಥೆಗಳು ಶುರುವಾಗುತ್ತಿದ್ದವು. ಹಾಗೆ ಹೊರಟವಳು ನಾನೇ. ಐನಾಪುರದಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯ ತಂಗಿ ಅನಸೂಯಾಬಾಯಿಗೆ, ಜೀವ ಇರುವಾಗಲೇ ತವರಿನ ಉಡಿ ತುಂಬಿ ಬರುತ್ತೇನೆಂದು ಮಾತು ಕೊಟ್ಟಿದ್ದೆ. ಸೋಲಾಪುರದಿಂದ ರೈಲಿನಲ್ಲಿ ವಾಡಿಗೆ ಬಂದು, ಬಾಡಿಗೆ ಮೋಟಾರು ಹಿಡಿದು, ನಿಜಾಮರ ಸೀಮೆಯಲ್ಲಿ ಮೊದಲ ಸಲ ಒಬ್ಬಳೇ ಅದನ್ನು ನಡೆಸಿದೆ.

ಹೊರಗೆ ಸುಡುವ ಬಿಸಿಲು. ಬೆನ್ನಿಗೆ ಮಾತ್ರ ಹಳೇ ಬಾವಿಯ ತಂಪು ತಾಗುತ್ತಿತ್ತು. ಖಾಲಿ ಇದ್ದ ಹಿಂದಿನ ಸೀಟು ದಾರಿಯ ತಗ್ಗುಗಳಲ್ಲೆಲ್ಲ ಯಾರೋ ಕೂತಂತೆ ಕಿರ್ರೆನ್ನುತ್ತಿತ್ತು. ದಣಿವೆಂದುಕೊಂಡೆ.

ಸೇಡಂನಲ್ಲಿ ಮೋಟಾರಿಗೆ ನೀರು ಹಾಕುತ್ತಿದ್ದ ಗುಲಾಮ್ ರಸೂಲ್ ನಕ್ಕ. "ಬರೇ ಗಾಡೀದ ಕಾಳಜಿ ಏನ್ರಿ ಬಾಯಾರ? ಹಿಂದ ಕುಂತವರನ್ನೂ ಜರಾ ನೆಳ್ಳಿಗೆ ಇಳಸ್ರಿ. ಭಾಳ ಸೋತಾರ."

ನಾನು ತಿರುಗಿ ನೋಡಲಿಲ್ಲ.

ಐನಾಪುರದಲ್ಲಿ ಅನಸೂಯಾಬಾಯಿ ಸೊಸೆಯ ಆಸರೆಯಿಂದ ಮಣೆಯ ಮೇಲೆ ಕೂತರು. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಸಿದರು.

"ಒಬ್ಬಾಕಿಗೆ ತುಂಬಿ ಇನ್ನೊಬ್ಬಾಕೀನ ಹಂಗs ಕಳಸ್ತಾರೇನ ಹುಚ್ಚಿ? ನಿನ್ನ ಸಂಗಟ ಬಂದಾಕೀಗೂ ತುಂಬು."

ತವರಿನಿಂದ ತಂದ ಉಡಿಯಕ್ಕಿಯ ಗಂಟು ಬಿಚ್ಚಿದೆ. ಅರ್ಧ ಅಕ್ಕಿಯನ್ನು ಅವರ ಸೆರಗಿಗೆ ಹಾಕಿದೆ. ಉಳಿದರ್ಧವನ್ನು ಪಕ್ಕದ ಖಾಲಿ ಮಣೆಯ ಮೇಲೆ ಸುರಿದೆ.

ಒಂದು ಕಾಳೂ ಮಣೆಗೂ ತಾಗಲಿಲ್ಲ, ನೆಲಕ್ಕೂ ಬೀಳಲಿಲ್ಲ.