ಆ ಕೆಂಪು ತುಂಡು

“ಗರ್ಭಿಣಿಯಾ? ಯಾವುದಾದ್ರೂ ಮಾತ್ರೆ ತಗೋತಿದೀರಾ?”

ಅವಳು ಕೂತು ಇನ್ನೂ ಬ್ಯಾಗ್ ಕೆಳಗಿಟ್ಟಿರಲಿಲ್ಲ, ಕೌಂಟರಿನ ಆಚೆಯಿಂದ ಸುಶಿ ಅಂಗಡಿಯವನು ಕೇಳಿಯೇಬಿಟ್ಟ. ಹೊಸಬರು ಯಾರೇ ಬರಲಿ, ಹಸಿ ಮೀನು ಬಡಿಸುವ ಮೊದಲು ಇದನ್ನು ಕೇಳುವುದು ಅವನ ಪದ್ಧತಿ.

ಜೊತೆಗೆ ಬಂದಿದ್ದ ಆಫೀಸಿನವರೆಲ್ಲ ನಕ್ಕರು. ಅವಳ ಕೆನ್ನೆ ಬಿಸಿಯಾಯಿತು.

“ಎರಡೂ ಇಲ್ಲ,” ಎಂದಳು.

ಮೊದಲನೆಯದು ನಿಜ. ಎರಡನೆಯದು ಹಸಿ ಸುಳ್ಳು.

ಅವಳ ಹೊಟ್ಟೆಯಲ್ಲಿದ್ದದ್ದು ಅಕ್ಕ ಕೊಟ್ಟ ಕಿಡ್ನಿ. ದೇಹ ಅದನ್ನು ತಿರಸ್ಕರಿಸದಂತೆ ದಿನಾ ಮಾತ್ರೆ ನುಂಗಬೇಕು. ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಆ ಮಾತ್ರೆ ನುಂಗುವವರು ಹಸಿ ಮೀನು ಮುಟ್ಟಬಾರದು. ಗೊತ್ತಿತ್ತು. ಆದರೆ ಅದು ತಿನ್ನಬೇಡ, ಇದು ಮುಟ್ಟಬೇಡ ಎಂದು ಕೇಳಿ ಕೇಳಿ ಸಾಕಾಗಿತ್ತು. ಒಂದು ಸಂಜೆಯಾದರೂ ಎಲ್ಲರಂತೆ ಇರಬಾರದೇ?

ಅನ್ನದ ಉಂಡೆಯ ಮೇಲೆ ಕೆಂಪಗೆ ಹೊಳೆಯುವ ತುಂಡಿಟ್ಟು ಅವನು ಕೊಟ್ಟ.

“ಮೀನು ಹೃದಯಕ್ಕೆ ಒಳ್ಳೇದಂತೆ,” ಎಂದರು ಯಾರೋ.

ಅವಳ ಹೃದಯಕ್ಕೆ ಆಗಲೇ ಬೇರೇನೋ ಆಗಿತ್ತು. ಅವಳು ಅವನ ಕೈಯನ್ನೇ ನೋಡುತ್ತಿದ್ದಳು.

ಆಮೇಲೆ ಪ್ರತಿ ಶನಿವಾರ ಒಬ್ಬಳೇ ಬಂದಳು. ಪ್ರತಿ ಸಲವೂ ಇದೇ ಕೊನೆ ಎಂದುಕೊಳ್ಳುತ್ತಿದ್ದಳು. ಕಾಲು ಮಾತು ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಜ್ವರ ಬಂತು.

ಆಸ್ಪತ್ರೆಗೆ ಹೊರಟ ಕಾರನ್ನು ದಾರಿಯಲ್ಲಿ ನಿಲ್ಲಿಸಿ, ಅಕ್ಕನನ್ನು ಅಲ್ಲೇ ಕೂರಿಸಿ, ಅರ್ಧ ತೆರೆದಿದ್ದ ಅಂಗಡಿಗೆ ನುಗ್ಗಿದಳು. ಅವನು ಚಾಕು ಮಸೆಯುತ್ತಿದ್ದ.

“ನಿಮ್ಗೆ ಸುಳ್ಳು ಹೇಳಿದ್ದೆ...” ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. “ನಂಗೆ ಕೊಟ್ಟಿದ್ದು ಯಾವ ಮೀನು ಹೇಳಿ, ಡಾಕ್ಟರಿಗೆ ತಿಳಿಸ್ಬೇಕು. ಅಕ್ಕನ ಕಿಡ್ನೀನ ನಾನೇ ಹಾಳು ಮಾಡ್ಕೊಂಡೆ ಅನ್ಸುತ್ತೆ.”

ಅವನು ಚಾಕು ಕೆಳಗಿಟ್ಟ.

“ನೀವು ಇಲ್ಲಿ ಒಂದು ತುಂಡೂ ಹಸಿ ಮೀನು ತಿಂದಿಲ್ಲ.”

“ಮತ್ತೆ ಆ ಕೆಂಪು ತುಂಡು?”

“ಟೊಮೇಟೊ. ಸಸ್ಯಾಹಾರಿಗಳಿಗೆ ಅಂತ ಮಾಡಿಟ್ಟಿರ್ತೀನಿ. ಬಿಸಿನೀರಲ್ಲಿ ಅದ್ದಿ, ಸಿಪ್ಪೆ ತೆಗ್ದು, ಸೋಯಾ ಸಾಸಲ್ಲಿ ನೆನೆಸಿದ್ದು. ಮಿಕ್ಕಿದ್ದೆಲ್ಲ ಬೇಯ್ಸಿದ್ದು. ಮೊದಲ್ನೇ ದಿನಾನೇ ನಿಮ್ಮ ಬ್ಯಾಗಲ್ಲಿ ಮಾತ್ರೆ ಡಬ್ಬಿ ಕಂಡಿತ್ತು. ಸುಳ್ಳು ಹೇಳಿದ್ರಲ್ಲ, ಅದಕ್ಕೇ ಭಯ ಆಯ್ತು. ಹಸಿ ಮೀನನ್ನ ಮೊದ್ಲು ಫ್ರೀಜರಲ್ಲಿಟ್ರೂ ಅದರ ಹುಳ ಮಾತ್ರ ಸಾಯುತ್ತೆ, ರೋಗಾಣು ಎಲ್ಲಾ ಸಾಯಲ್ಲ.”

ಹಸಿ ಮೀನಿನ ರುಚಿ ಮೊದಲೇ ಕಂಡಿದ್ದರೆ ತಾನೇ ಅವಳಿಗೆ ಗೊತ್ತಾಗುವುದು!

ಎದೆಯ ಭಾರ ಇಳಿಯಿತು. ಹಿಂದೆಯೇ ಅಳು ಬಂತು. ತನ್ನನ್ನು ರೋಗಿಯೆಂದು ನೋಡದವನು ಲೋಕದಲ್ಲಿ ಇವನೊಬ್ಬನೇ ಎಂದುಕೊಂಡಿದ್ದಳು.

“ನೀವೂ ಕನಿಕರಪಟ್ರಿ, ಅಲ್ವಾ?”

“ಕನಿಕರ ಆಗಿದ್ರೆ, ಇಲ್ಲಿ ತಿನ್ಬೇಡಿ ಅಂತ ಹೇಳಿ ಕಳಿಸ್ತಿದ್ದೆ. ಬೇರೆಯವ್ರನ್ನ ಹಾಗೇ ಕಳಿಸ್ತೀನಿ.” ಅವನ ದನಿ ಸಣ್ಣದಾಯಿತು. “ನಿಮ್ಮನ್ನ ಕಳಿಸೋಕೆ ಆಗ್ಲಿಲ್ಲ. ನಿಜ ಹೇಳಿದ್ರೆ ಬರೋದೇ ಬಿಡ್ತೀರೇನೋ ಅಂತ... ಟೊಮೇಟೊ ನೆನೆಸ್ತಾ ಕೂತೆ. ಇನ್ನೇನು ಮಾಡೋದು ಗೊತ್ತಾಗ್ಲಿಲ್ಲ.”

ಹೊರಗೆ ಅಕ್ಕ ಹಾರ್ನ್ ಹೊಡೆದಳು. ಅವನು ಏಪ್ರನ್ ಬಿಚ್ಚಿಟ್ಟ.

“ಮೀನು ತಿನ್ನದೇ ಇದ್ರೂ ಜ್ವರ ಜ್ವರಾನೇ. ನಡೀರಿ, ನಾನೂ ಬರ್ತೀನಿ.”

“ಅಕ್ಕ ಕೇಳಿದ್ರೆ ಯಾರು ಅನ್ನಲಿ?”

“ಮೀನು ಅಂತ ಟೊಮೇಟೊ ತಿನ್ನಿಸಿ ಮೋಸ ಮಾಡಿದವ್ನು ಅನ್ನಿ.”

ಅವಳು ಕಣ್ಣೊರೆಸಿಕೊಂಡಳು. “ಹಾಗಂದ್ರೆ ಅಕ್ಕ ನಿಮ್ಮನ್ನ ಇವತ್ತೇ ಒಪ್ಪಿಬಿಡ್ತಾಳೆ.”