ಕಾಫಿ ಕುಡಿದ ಬಿಲ್ಲೆ

ಮೂರನೆಯ ಹನಿಯೂ ಮಾಯವಾಯಿತು. ಮಲ್ಲಿಕ್ ಚಮಚವನ್ನು ಮತ್ತೆ ಕಾಫಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಇನ್ನೊಂದು ಹನಿ ಬಿಟ್ಟ. ಹಪ್ಪಳದ ಚೂರಿನಷ್ಟು ತೆಳ್ಳಗಿದ್ದ ಆ ಬಿಳಿ ಬಿಲ್ಲೆ ಅದನ್ನೂ ಚಪ್ಪರಿಸಿತು. ತಿರುಗಿಸಿ ಬೆರಳಾಡಿಸಿದ. ಹಿಂಬದಿ ಬಿಸಿಲಿಗೆ ಕಾದ ಹಂಚಿನ ಹಾಗೆ ಒಣಗಿತ್ತು. ಆ ಬದಿಗೂ ಒಂದು ಹನಿ ಬಿಟ್ಟ. ಅದೂ ಇಂಗಿತು.

"ನೋಡಿದ್ರಾ ಸರ್?" ಎದುರಿಗೆ ಕುಳಿತಿದ್ದ ನೌರೀನ್ ಕುರ್ಚಿಯ ತುದಿಗೆ ಬಂದಿದ್ದಳು. "ಮೇಲೂ ತೂತು, ಕೆಳಗೂ ತೂತು, ನಡುವೆ ಮಾತ್ರ ಗಟ್ಟಿ. ಈ ಕಡೆ ಕಾಫಿ ಆ ಕಡೆ ಹೋಗಲ್ಲ. ಲಿಥಿಯಂ ಅಯಾನ್ ಮಾತ್ರ ಹೋಗತ್ತೆ. ಬ್ಯಾಟರಿ ಒಳಗಿನ ದ್ರವ ತೆಗೆದು ಇದನ್ನಿಟ್ರೆ ಸೋರಲ್ಲ, ಬೆಂಕಿ ಹತ್ತಲ್ಲ."

ಬೆಂಕಿಯ ವಿಷಯ ಅವಳಿಗೆ ಓದಿನಿಂದ ಬಂದದ್ದಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವಳ ಅಪ್ಪ ಸಮೀವುಲ್ಲಾನದು ಬ್ಯಾಟರಿ ಅಂಗಡಿ. ರಿಪೇರಿಗೆ ಬಂದ ಸ್ಕೂಟರ್ ಬ್ಯಾಟರಿಯೊಂದು ಅಲ್ಲಿ ಭಗ್ಗೆಂದು ಹತ್ತಿಕೊಂಡು ಅವನ ಎಡಹುಬ್ಬನ್ನು ಕರೆದುಕೊಂಡು ಹೋಗಿತ್ತು. ಹುಬ್ಬು ವಾಪಸು ಬರಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಬಂದ ಮಗಳು ಅಂಗಡಿಯ ಹಿಂದೆ ಪುಟ್ಟ ಗೂಡು ಕಟ್ಟಿಸಿ ಪಿಂಗಾಣಿ ಬಿಲ್ಲೆ ಸುಡತೊಡಗಿದಳು.

"ಬೇರೆಯವ್ರೂ ತೂತಿನ ಪದರ ಮಾಡಿದಾರೆ ಸರ್. ಆದ್ರೆ ಅವ್ರು ತೂತಿನದು ಬೇರೆ, ಗಟ್ಟಿಯದು ಬೇರೆ ಸುಟ್ಟು ಅಂಟಿಸ್ತಾರೆ. ಅಂಟಿಸಿದ ಕಡೆ ಬಿರುಕು. ನಾನು ಒಂದೇ ಸಲ ಸುಡ್ತೀನಿ. ಹಿಟ್ಟಿಗೆ ಗಂಜಿಪುಡಿ ಕಲಸಿರ್ತೀನಿ, ಹೊರಗೆ ದಪ್ಪ ಕಾಳು, ಒಳಗೆ ಹೋಗ್ತಾ ಹೋಗ್ತಾ ಸಣ್ಣದು, ನಡುವೆ ಇಲ್ವೇ ಇಲ್ಲ. ಗಂಜಿ ಉರಿದುಹೋಗತ್ತೆ, ತೂತು ಉಳಿಯತ್ತೆ. ಜಾಯಿಂಟೇ ಇಲ್ಲ ಅಂದ್ಮೇಲೆ ಬಿರುಕು ಎಲ್ಲಿಂದ ಬರ್ಬೇಕು?" ಅವಳು ಮೇಜಿನ ಮೇಲೆ ಮೊಣಕೈ ಊರಿದಳು. "ಪೇಟೆಂಟ್ ಸಿಗತ್ತಾ ಸರ್?"

ಸಿಗುತ್ತದೆ. ಮಲ್ಲಿಕ್‌ಗೆ ಅದು ಹಿಂದಿನ ವಾರವೇ, ಅವಳು ಕೊಟ್ಟ ಪೆನ್‌ಡ್ರೈವ್ ತೆರೆದಾಗಲೇ ಗೊತ್ತಾಗಿತ್ತು. ಪೇಟೆಂಟಿಗೆ ಮೂರು ಜರಡಿ: ಹೊಸದಾಗಿರಬೇಕು, ಬಲ್ಲವರಿಗೂ ಸುಲಭಕ್ಕೆ ಹೊಳೆಯುವಂಥದ್ದಾಗಿರಬಾರದು, ಉಪಯೋಗಕ್ಕೆ ಬರಬೇಕು. ಇದು ಮೂರರಲ್ಲೂ ರವೆಯಂತೆ ಇಳಿದುಹೋಗಿತ್ತು. ಇಂಗ್ಲಿಷಿನಲ್ಲಿ ಸಿಗುವ ಪೇಟೆಂಟು, ಪ್ರಬಂಧ, ವರದಿಗಳನ್ನೆಲ್ಲ ಜಾಲಾಡಿದ್ದ. ಇಂಥದ್ದು ಎಲ್ಲಿಯೂ ಇರಲಿಲ್ಲ. ಇದ್ದದ್ದು ಅವನ ಮೇಜಿನ ಮೇಲೆ, ಕಾಫಿ ಕುಡಿಯುತ್ತಾ.

ದುರ್ಗಿಗುಡಿಯ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಮಲ್ಲಿಕ್ ನಡೆಸುತ್ತಿದ್ದುದು ಪೇಟೆಂಟ್ ಸಲಹಾ ಕೇಂದ್ರ. ಬಡ್ತಿಗೆ ಪೇಟೆಂಟು ಬೇಕಾದ ಅಧ್ಯಾಪಕರು ಅವನ ಗಿರಾಕಿಗಳು. ಮಳೆ ಬಂದರೆ ಕೂಗುವ ಛತ್ರಿ, ಹಾಲು ಉಕ್ಕುವ ಮೊದಲೇ ಕೆಮ್ಮುವ ಪಾತ್ರೆ, ತಾನೇ ಒರೆಸಿಕೊಳ್ಳುವ ಕರಿಹಲಗೆ, ಎಲ್ಲ ಅವನ ತಲೆಯಲ್ಲೇ ಹುಟ್ಟಿ ಅವರ ಹೆಸರಿನಲ್ಲಿ ನಾಮಕರಣವಾದವು. ಛತ್ರಿಗೆ ಏಳು ಜನ ಸಂಶೋಧಕರಿದ್ದರು. ಕಡ್ಡಿಗಿಂತ ಒಂದು ಕಡಿಮೆ. ಅವುಗಳಲ್ಲಿ ಒಂದನ್ನೂ ಯಾರೂ ತಯಾರಿಸಲಿಲ್ಲ, ಕೇಳಲೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಪ್ಲಾಸ್ಟಿಕ್ ಹೂ ಮಾರುವವನ ಕೈಗೆ ಯಾರೋ ಸಂಪಿಗೆ ಇಟ್ಟ ಹಾಗಾಗಿತ್ತು ಈಗ. ಮೂಸಿ ವಾಪಸು ಕೊಡಲು ಅವನೇನು ಸನ್ಯಾಸಿಯೇ?

ಮಲ್ಲಿಕ್ ಮುಖಕ್ಕೆ ಸಾಕಷ್ಟು ದುಃಖ ತಂದುಕೊಂಡ.

"ಸಿಗಲ್ಲಮ್ಮ."

"ಯಾಕೆ ಸರ್?"

"ಸ್ಪಂಜಿಗೂ ತೂತಿದೆ, ಇಡ್ಲಿಗೂ ತೂತಿದೆ. ಗೊತ್ತಿರೋ ಎರಡನ್ನ ಜೋಡಿಸಿದ್ರೆ ಅದು ಹೊಸ ಸಂಶೋಧನೆ ಆಗಲ್ಲ. ನೋಡಿ, ಇಷ್ಟು ಜನ ಆಗ್ಲೇ ಬರೆದಿದಾರೆ." ಯಾವುದಕ್ಕೂ ಸಂಬಂಧವಿಲ್ಲದ ಒಂದು ಹೊರೆ ಪ್ರಿಂಟು ಅವಳ ಮುಂದೆ ದೂಡಿದ. "ನಿಮ್ಮಿಂದ ಫೀಸ್ ತಗೊಳ್ಳಲ್ಲ. ನನ್ನ ತಂಗಿ ಇದ್ದ ಹಾಗೆ."

"ಖಂಡಿತಾನಾ ಸರ್? ಯಾವತ್ತೂ ಸಿಗಲ್ವಾ?"

"ನನ್ನಾಣೆ."

ಅವಳು ಬಿಲ್ಲೆಯನ್ನು ಅವನತ್ತ ಸರಿಸಿದಳು. ಆಮೇಲೆ, "ಹೋಗ್ಲಿ ಬಿಡಿ. ಕಾಫಿ ಕುಡಿದದ್ದು ಇನ್ನು ಕೆಲಸಕ್ಕೆ ಬರಲ್ಲ, ನೀವೇ ಇಟ್ಕೊಳ್ಳಿ," ಎಂದು ಎದ್ದಳು. ಮೆಟ್ಟಿಲಿಳಿಯುವಾಗ ಅವಳ ಹೆಜ್ಜೆ ಅಷ್ಟೇನೂ ಭಾರವಾಗಿರಲಿಲ್ಲ. ವಯಸ್ಸಿನ ಮಕ್ಕಳಿಗೆ ಮರೆವು ಬೇಗ ಎಂದು ಮಲ್ಲಿಕ್‌ಗೆ ಸಮಾಧಾನವೇ ಆಯಿತು. ಕದಿಸಿಕೊಂಡವರು ನಗುತ್ತಾ ಹೋದರೆ ಕದ್ದವನ ಮನಸ್ಸಿಗೂ ಹಗುರ.

ಇನ್ನು ಅವಸರವೇನೂ ಇರಲಿಲ್ಲ. ತಪ್ಪು ಮಾಡುವವರೆಲ್ಲ ಅವಸರದಲ್ಲೇ ಮಾಡುವುದು ಎಂಬುದು ಮಲ್ಲಿಕ್‌ನ ಸಿದ್ಧಾಂತ. ಪೆನ್‌ಡ್ರೈವಿನಲ್ಲೇ ತರಿಸಿಕೊಂಡಿದ್ದರಿಂದ ಇಮೇಲಿನಲ್ಲಿ ಗುರುತಿಲ್ಲ. ಯಾರ ಮುಂದೆಯೂ ಬಾಯಿ ಬಿಡಬೇಡಿ, ಅರ್ಜಿ ಹಾಕುವ ಮೊದಲೇ ಬಯಲಾದರೆ ಹೊಸತನ ಸತ್ತುಹೋಗುತ್ತದೆ, ಆಮೇಲೆ ದೇವರೂ ಪೇಟೆಂಟ್ ಕೊಡಲಾರ ಎಂದು ಮೊದಲ ದಿನವೇ ಅವಳಿಗೆ ಹೆದರಿಸಿಟ್ಟಿದ್ದ. ಆಕೆ ಅಪ್ಪನಿಗೂ ಹೇಳಿರಲಿಲ್ಲ. ಉಳಿದದ್ದು ಒಂದೇ: ಒಂದು ಮುಖ. ಮಳೆಗೆ ಕೂಗುವ ಛತ್ರಿಯ ಮಲ್ಲಿಕ್ ಬ್ಯಾಟರಿ ಕಂಡುಹಿಡಿದ ಎಂದರೆ ಅವನ ಹೆಂಡತಿಯೇ ನಂಬುವುದಿಲ್ಲ.

ಮುಖ ರವೀಂದ್ರನಗರದಲ್ಲಿ ಸಿಕ್ಕಿತು. ನಿವೃತ್ತ ರಸಾಯನಶಾಸ್ತ್ರ ಪ್ರೊಫೆಸರ್ ಷಡಕ್ಷರಪ್ಪನವರಿಗೆ ಬೆಳ್ಳಿಯ ಕೂದಲು, ಗಂಟಲಲ್ಲಿ ಗುಡುಗು, ಹೃದಯದಲ್ಲಿ ಜೀವನವಿಡೀ ಏನನ್ನೂ ಕಂಡುಹಿಡಿಯಲಿಲ್ಲವೆಂಬ ಕೊರಗು. ಕಾಲೇಜಿನ ದಿನಗಳಲ್ಲಿ ಅವರು ಬ್ಯಾಟರಿಯಲ್ಲಿ ದ್ರವದ ಬದಲು ಬಳಸುವ ಘನ ವಿದ್ಯುದ್ವಿಭಾಜ್ಯಗಳ ಬಗ್ಗೆ ಒಂದು ಭಾಷಣ ಮಾಡಿದ್ದುಂಟು. ಮಲ್ಲಿಕ್ ಅಷ್ಟನ್ನೇ ಹಿಡಿದ.

"ಸರ್, ಇದರ ಬೀಜ ನಿಮ್ಮ ಆ ಭಾಷಣದಲ್ಲೇ ಇತ್ತು. ನಾನು ನೀರು ಹಾಕಿದೀನಿ ಅಷ್ಟೆ."

ಪ್ರೊಫೆಸರ್ ಕಾಗದಗಳನ್ನು ಓದಿದರು. ಕನ್ನಡಕ ತೆಗೆದರು. "ಹೌದಲ್ಲೋ ಮಾರಾಯ," ಎಂದರು ನಿಧಾನಕ್ಕೆ. "ನನಗೆ ಆಗ್ಲೇ ಹೊಳೆದಿತ್ತು. ಹೇಳೋಕೆ ಪುರುಸೊತ್ತಾಗ್ಲಿಲ್ಲ."

ಸಹಿ ಹಾಕಲು ಪೆನ್ನು ತೆಗೆದಾಗ ಅಡುಗೆಮನೆಯಿಂದ ದಾಕ್ಷಾಯಣಮ್ಮ ಬಂದರು. "ಆಷಾಢದಲ್ಲಿ ಎಂಥ ಸೈನ್ ರೀ? ಶ್ರಾವಣ ಬರ್ಲಿ. ಇಷ್ಟು ವರ್ಷ ಕಾದಿದೀರಂತೆ, ಇನ್ನು ನಾಲ್ಕು ದಿನಕ್ಕೆ ಬ್ಯಾಟರಿ ಹಳಸಿಹೋಗತ್ತಾ?"

ಮಲ್ಲಿಕ್ ನಗುತ್ತಾ ಒಪ್ಪಿದ. ಹೊಲಕ್ಕೆ ಬೇರೆ ಕಳ್ಳರಿಲ್ಲದಿದ್ದರೆ ಬೆಳೆ ಇನ್ನಷ್ಟು ಮಾಗಲಿ. ಆ ದಿನಗಳನ್ನು ಅವನು ಅರ್ಜಿ ತಿದ್ದುವುದರಲ್ಲಿ ಕಳೆದ, ಮದುಮಗಳಿಗೆ ಜಡೆ ಹೆಣೆಯುವವರಂತೆ. ನೌರೀನ್ ಗಂಜಿಪುಡಿ ಎಂದದ್ದು ಅವನ ಕೈಯಲ್ಲಿ 'ಉಷ್ಣಕ್ಕೆ ಅಳಿದುಹೋಗುವ ಯಾವುದೇ ಕಣ' ಆಯಿತು. ಬ್ಯಾಟರಿ ಎಂಬ ಪದವನ್ನೇ ಶೀರ್ಷಿಕೆಯಿಂದ ಕಿತ್ತು 'ಸಾಂದ್ರತೆ ಬದಲಾಗುವ ಪದರಕಾಯ' ಎಂದು ಬರೆದ; ಹೆತ್ತವಳ ಕಣ್ಣಿಗೆ ಬಿದ್ದರೂ ಮಗು ಗುರುತು ಸಿಗಬಾರದು. ಒಂದೊಂದು ವಾಕ್ಯ ಮುಗಿದಾಗಲೂ ಕುರ್ಚಿಯಲ್ಲಿ ಗಿರಕಿ ಹೊಡೆದ. ಶ್ರಾವಣದ ಮೊದಲ ಸೋಮವಾರ ಪ್ರೊಫೆಸರ್ ಪೂರ್ವಕ್ಕೆ ಮುಖ ಮಾಡಿ ಸಹಿ ಹಾಕಿದರು. ಮಲ್ಲಿಕ್ ಅರ್ಜಿ ಕಳಿಸಿದ; ಬಂದ ನಂಬರಿಗೆ ಕುಂಕುಮ ಹಚ್ಚುವುದೊಂದೇ ಬಾಕಿ.

ಆಮೇಲೆ ನಡೆದದ್ದೆಲ್ಲ ಎಣ್ಣೆ ಹಾಕಿದ ಚಕ್ರದ ಹಾಗೆ. ಪರೀಕ್ಷಕರಿಂದ ಆಕ್ಷೇಪ ಬಂತು: ತೂತಿನ ಪದರ ಗೊತ್ತಿದ್ದದ್ದೇ, ಗಟ್ಟಿ ಪದರವೂ ಗೊತ್ತಿದ್ದದ್ದೇ, ಎರಡನ್ನು ಸೇರಿಸುವುದರಲ್ಲಿ ಹೊಸ ಜಾಣತನವೇನು? ತಾನು ಹೇಳಿದ ಸುಳ್ಳೇ ಮುದ್ರೆ ಒತ್ತಿಸಿಕೊಂಡು ವಾಪಸು ಬಂದಂತಾಗಿ ಮಲ್ಲಿಕ್ ಒಂದು ಗಳಿಗೆ ಬೆವರಿದ. ಆದರೆ ವಿಡಿಯೊ ವಿಚಾರಣೆಯ ದಿನ ಪ್ರೊಫೆಸರ್ ಕೋಟು ತೊಟ್ಟು ಕುಳಿತು ಗುಡುಗಿದರು.

"ಎರಡು ಸೆಟ್ ದೋಸೆ ತಗೊಳ್ಳಿ. ಬೆನ್ನಿಗೆ ಬೆನ್ನು ಹಚ್ಚಿ. ಹೊರಗೆ ತೂತು, ನಡುವೆ ಗಟ್ಟಿ. ಸರಿಯಾ? ಆದ್ರೆ ಎತ್ತಿದ ಕೂಡ್ಲೇ ಎರಡೂ ಬಿಟ್ಕೊಳ್ತವೆ. ಇಡೀ ಪ್ರಪಂಚ ಮಾಡಿದ್ದು ಇದನ್ನೇ. ಎರಡೂ ಕಡೆ ತೂತಿರೋ ಒಂದೇ ದೋಸೆನ ಒಂದೇ ಸಲ ಹುಯ್ದವರು ಯಾರಾದ್ರೂ ಇದಾರಾ? ಅದೇ ನನ್ನ ಸಂಶೋಧನೆ!"

ಪರದೆಯ ಆ ಕಡೆ ಯಾರೋ ನಕ್ಕರು. ಪೇಟೆಂಟ್ ಮಂಜೂರಾಯಿತು.

ಶಾಲು, ಅಡಿಕೆ ಹಾರ, ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್. ಪ್ರೊಫೆಸರ್ ಮೂರು ಸಂಘಗಳಲ್ಲಿ ಮಾತಾಡಿ ಮೂರರಲ್ಲೂ ಬೇರೆಬೇರೆ ರೀತಿಯಲ್ಲಿ ತಮಗೆ ಹೊಳೆದದ್ದು ಹೇಗೆಂದು ವಿವರಿಸಿದರು. ಒಂದರಲ್ಲಂತೂ ಕಣ್ಣೀರು ಹಾಕಿದರು. ಹಕ್ಕೆಲ್ಲ ತನಗೇ ಸೇರಿದ್ದೆಂದು ಬರೆಸಿಕೊಂಡಿದ್ದ ಮಲ್ಲಿಕ್ ಎಲ್ಲ ಕಡೆಯೂ ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಪುಣೆಯ ಬ್ಯಾಟರಿ ಕಂಪನಿಯೊಂದು ಪೇಟೆಂಟನ್ನೇ ಕೊಳ್ಳುವುದಾಗಿ ಬರೆಯಿತು. ಮಾತಾಡಿದ್ದು ಅಮೂಲ್ಯ ಎಂಬ ಕನ್ನಡದ ಹುಡುಗಿ. ಅವಳು ಹೇಳಿದ ಮೊತ್ತ ಕೇಳಿ ಮಲ್ಲಿಕ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಮತ್ತೊಮ್ಮೆ ಕೇಳಿಸಿಕೊಂಡ.

"ಒಂದೇ ಒಂದು ಸಣ್ಣ ವಿಷಯ ಸರ್," ಎಂದಳು. "ಹತ್ತು ಸ್ಯಾಂಪಲ್ ಕಳಿಸಿ. ಟೆಸ್ಟ್ ಆದ ಕೂಡ್ಲೇ ಸೈನ್."

ಸ್ಯಾಂಪಲ್ ಎಂದಾಕ್ಷಣ ಪ್ರೊಫೆಸರ್ ಪಂಚೆ ಎತ್ತಿ ಕಟ್ಟಿದರು. ನಾಲ್ಕನೆಯ ದಿನ ದಾಕ್ಷಾಯಣಮ್ಮನ ಫೋನ್ ಬಂತು. "ಮಲ್ಲಿಕ್, ಇವ್ರು ನನ್ನ ಓವನ್ ಸುಟ್ರು. ಕೇಕಿನ ತಟ್ಟೆಯಲ್ಲಿ ಎಂಥದೋ ಕರಕಲು ಇದೆ, ನಾಯಿನೂ ಮೂಸ್ತಿಲ್ಲ. ಕಂಡುಹಿಡಿದೋರಿಗೆ ಮಾಡೋಕೆ ಬರಲ್ವಾ?"

ಇದಕ್ಕೂ ಮಲ್ಲಿಕ್ ಬಳಿ ದಾರಿಯಿತ್ತು. ಮಾಡಲು ಬರುವವಳು ಹತ್ತಿರದಲ್ಲೇ ಇದ್ದಳು. ಬೆಲೆಯಿಲ್ಲದ್ದೆಂದು ತಿಳಿದ ವಸ್ತುವನ್ನು ಕೇಳಿದರೆ ಯಾರು ಕೊಡುವುದಿಲ್ಲ? ಕದ್ದ ಹಸುವಿನ ಹಾಲನ್ನು ಅದರ ಒಡತಿಯಿಂದಲೇ ಕರೆಸುವ ಈ ಯೋಚನೆ ಎಷ್ಟು ಸೊಗಸಾಗಿತ್ತೆಂದರೆ, ಭದ್ರಾವತಿಯ ರಸ್ತೆಯುದ್ದಕ್ಕೂ ಅವನು ಕಾರಿನ ಸ್ಟಿಯರಿಂಗ್ ಮೇಲೆ ತಾಳ ಹಾಕಿದ.

"ಆಯಿಯೇ ಆಯಿಯೇ, ಬನ್ನಿ ಮಲ್ಲಿಕ್ ಸಾಬ್!" ಸಮೀವುಲ್ಲಾ ಒಂಟಿ ಹುಬ್ಬು ಏರಿಸಿ ಸ್ಟೂಲು ಒರೆಸಿದ. "ನಿಮ್ಮ ಹೆಸರು ಹೇಳದ ದಿನ ಇಲ್ಲ ನನ್ನ ಮಗಳು."

ನೌರೀನ್ ಹಿಂದಿನ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಮೂಗಿನ ಮೇಲೆ ಬಿಳಿ ಪುಡಿ.

"ಹತ್ತು ಬಿಲ್ಲೆ ಬೇಕಿತ್ತಮ್ಮ," ಮಲ್ಲಿಕ್ ಆಕಳಿಸುವಂತೆ ಹೇಳಿದ. "ಪರಿಚಯದವ್ರೊಬ್ರು ಕೇಳಿದ್ರು. ಸುಮ್ನೆ ಶೋಕೇಸಿಗೆ. ಏನು ಕೊಡ್ಬೇಕು ಹೇಳಿ."

"ಶೋಕೇಸಿಗಾ!" ಅವಳು ನಕ್ಕಳು. "ತಗೊಂಡ್ಹೋಗಿ ಸರ್, ದುಡ್ಡೆಂಥದಕ್ಕೆ? ಅವ್ರಿಗೇ ಮಾಡ್ಕೊಳ್ಳೋಕೆ ಹೇಳಿದ್ರೂ ಆಗತ್ತೆ. ಎಲ್ಲಾ ವಿಡಿಯೊದಲ್ಲಿದೆ."

"ಯಾವ ವಿಡಿಯೊ?"

ಅವಳು ಮೊಬೈಲು ತಿರುಗಿಸಿ ಹಿಡಿದಳು. 'ಬೆಂಕಿ ಹತ್ತದ ಬ್ಯಾಟರಿ: ತೂತಿನ ಬಿಲ್ಲೆ ಮನೆಯಲ್ಲೇ ಮಾಡುವುದು ಹೇಗೆ.' ಶೀರ್ಷಿಕೆ, ಮಾತು, ವಿವರಣೆ ಎಲ್ಲ ಕನ್ನಡದಲ್ಲಿ. ಗಂಜಿಪುಡಿಯ ಕಾಳು, ಪದರಗಳ ಕ್ರಮ, ಗೂಡಿನ ಶಾಖ, ಒಂದೂ ಬಿಟ್ಟಿರಲಿಲ್ಲ. ಕೆಳಗೆ ನೂರಾರು ಜನ ತಾವು ಸುಟ್ಟ ಬಿಲ್ಲೆಗಳ ಬಗ್ಗೆ ಹರಟುತ್ತಿದ್ದರು. ಹಾಕಿದ ದಿನಾಂಕದ ಮೇಲೆ ಮಲ್ಲಿಕ್‌ನ ಕಣ್ಣು ನೆಟ್ಟಿತು: ಆಗ ಆ ಆಷಾಢ ಇನ್ನೂ ಅರ್ಧ ಉಳಿದಿತ್ತು. "ನೀವು ಸಿಗಲ್ಲ ಅಂತ ಆಣೆ ಮಾಡಿದ್ರಲ್ಲ ಸರ್, ಅವತ್ತು ಸಂಜೆನೇ ಹಾಕ್ದೆ," ಎಂದಳು ನೌರೀನ್. "ಗುಟ್ಟು ಇಟ್ಕೊಂಡು ಇಟ್ಕೊಂಡು ಹೊಟ್ಟೆ ಉಬ್ಬಿಹೋಗಿತ್ತು. ಎಷ್ಟು ಹಗುರ ಆಯ್ತು ಗೊತ್ತಾ? ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ." ಅಷ್ಟು ಯೋಚಿಸಿದ್ದವನು ಇದೊಂದನ್ನು ಯೋಚಿಸಿರಲಿಲ್ಲ: ಮಾರಲಾಗದ್ದೆಂದು ಗೊತ್ತಾದ ಮೇಲೆ ಯಾರೂ ಅದನ್ನು ಬಚ್ಚಿಡುವುದಿಲ್ಲ. ಪ್ರೊಫೆಸರ್ ಸಹಿಗೆ ಶ್ರಾವಣ ಕಾಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿದ್ದ ವಿಷಯಕ್ಕೆ ಅವನು ಪೇಟೆಂಟ್ ಪಡೆದಿದ್ದ. ಪುಣೆಯ ಆ ಕನ್ನಡದ ಹುಡುಗಿ ಒಮ್ಮೆ ಕನ್ನಡದಲ್ಲಿ ಹುಡುಕಿದರೆ ಸಾಕು, ಅದು ರದ್ದಿ ಕಾಗದ. "ಅದನ್ನ ತೆಗೆದುಬಿಡಿ," ಎಂದ ಮಲ್ಲಿಕ್. "ಯಾಕೆ ಸರ್?" ಕಾರಣದ ಬದಲು ಅವನು ಬೆಲೆ ಹೇಳಿದ. "ಈ ಅಂಗಡಿ ದೊಡ್ಡದು ಮಾಡಿಸ್ಕೊಡ್ತೀನಮ್ಮ. ಹೊಸ ಗೂಡು, ದೊಡ್ಡ ಲ್ಯಾಬು, ಏನು ಕೇಳ್ತೀರೋ ಅದು. ತೆಗೆದುಬಿಡಿ, ಅಷ್ಟೆ." ಬೆಲೆಯಿಲ್ಲದ್ದಕ್ಕೆ ಯಾರೂ ಇಷ್ಟು ಕೊಡುವುದಿಲ್ಲವೆಂದು ನೌರೀನ್‌ಗೆ ಹೊಳೆಯಿತು. ನಗು ಆರಿತ್ತು. ಮೊಬೈಲನ್ನು ಜೇಬಿಗೆ ಹಾಕಿಕೊಂಡಳು. "ತೆಗೆಯಲ್ಲ."