ಕೆಂಪಾಚಿಯ ಒಲೆಯ ಮುಚ್ಚಳ

ಬಹಳ ಹಿಂದೆ, ನರಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಬೆಟ್ಟ ಎಂಬ ರಾಜ್ಯವಿತ್ತು. ಆ ರಾಜ್ಯದ ಕಾಡಂಚಿನಲ್ಲಿ ಕೆಂಪಾಚಿ ಎಂಬ ಹೆಣ್ಣುಮಗಳಿದ್ದಳು. ಅವಳ ಹಿತ್ತಿಲಲ್ಲಿ ಒಂದು ಮಣ್ಣಿನ ಒಲೆ, ಒಲೆಯ ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಕವುಚಲು ಒಂದು ದೊಡ್ಡ ಮಣ್ಣಿನ ಮುಚ್ಚಳ. ಅಲ್ಲಿ ಅವಳು ಹಂದಿ ಸುಟ್ಟರೆ ಘಮ ಅರಮನೆಯವರೆಗೂ ಹೋಗುತ್ತಿತ್ತು. ಗಂಡ ಸಣ್ಣೀರ ಬೇಟೆಗಾರ. ಒಳ್ಳೆಯವನೇ, ಆದರೆ ಗಳಿಗೆಗೊಮ್ಮೆ ಬಂದು ಮುಚ್ಚಳ ಎತ್ತಿ "ಬೆಂತಾ?" ಎನ್ನುವ ಚಾಳಿ ಅವನದು. "ಎತ್ತಿದಷ್ಟೂ ಕಾವು ಹೋಯ್ತದೆ, ಬೇಯೋದು ತಡ ಆಯ್ತದೆ" ಎಂದು ಕೆಂಪಾಚಿ ಸೌಟಿನಲ್ಲಿ ಅವನ ಕೈಗೆ ಬಾರಿಸುತ್ತಿದ್ದಳು.

ಹೀಗಿರಲು ಕಬಳರಾಯನೆಂಬ ಮಾಂತ್ರಿಕ ಆ ಕಾಡಿಗೆ ಬಂದ. ಮಂತ್ರ ಹಾಕಿ ಊರಿನ ಬೇಟೆಗಾರರನ್ನೆಲ್ಲ ಹಂದಿ ಮಾಡಿ ದೊಡ್ಡಿಗೆ ಕೂಡಿದ. ಸಣ್ಣೀರನೂ ಹಂದಿಯಾದ. ಆದರೆ ಕಬಳರಾಯನ ಮಾಯೆಗೂ ಒಂದು ಕಟ್ಟಳೆಯಿತ್ತು. ಬೆಳಿಗ್ಗೆ ಯಾವ ಊಟವನ್ನು ಬಾಯಿಬಿಟ್ಟು ಹೇಳುತ್ತಾನೋ ಅದನ್ನೇ ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ತಪ್ಪಿದರೆ ಮಾಯೆಯೆಲ್ಲ ಮಣ್ಣುಪಾಲು. ಇದು ಊರಿಗೆಲ್ಲ ಗೊತ್ತಿತ್ತು. ಅವನ ಊಟ ತಪ್ಪಿಸುವ ಎದೆ ಮಾತ್ರ ಯಾರಿಗೂ ಇರಲಿಲ್ಲ.

ಒಂದು ಬೆಳಿಗ್ಗೆ ಅವನು ಸತ್ತ ಹಂದಿಮರಿಯೊಂದನ್ನು ಹೆಗಲಿಗೆ ಹಾಕಿಕೊಂಡು ಕೆಂಪಾಚಿಯ ಹಿತ್ತಿಲಿಗೆ ಬಂದ. ಹಿಂದೆ ಮಾತಾಡುವ ನರಿ, ಎರಡು ತಲೆಯ ರಣಹದ್ದು.

"ಎಲೆ ಹೆಣ್ಣೇ, ಇದು ಕಾಡಿನಲ್ಲೇ ಹುಟ್ಟಿದ ಹಂದಿ, ನಿಮ್ಮೂರಿನವನಲ್ಲ. ಮೂಳೆಯಿಂದ ಮಾಂಸ ತಾನಾಗಿ ಬಿಟ್ಟು ಬರುವಂತೆ ಸುಡು. ಇಂದು ಅದೇ ನನ್ನ ಊಟ. ರುಚಿಯಾದರೆ ನಾಳೆ ಸುಡಲು ನಿನ್ನ ಗಂಡನನ್ನೇ ತರುತ್ತೇನೆ. ಬೆಂಕಿ ಕುಗ್ಗಿಸಿದೆಯೋ, ಈಗಲೇ ಅವನ ಕುತ್ತಿಗೆ ಮುರಿಯುತ್ತೇನೆ!"

ಕೆಂಪಾಚಿಯ ಜೀವ ಬಾಯಿಗೆ ಬಂತು. "ಆಗಲಿ ಬುದ್ಧೀ. ನಾ ಹೇಳೋ ಗಂಟ ಯಾರೂ ಮುಚ್ಚಳ ಎತ್ತಬ್ಯಾಡಿ" ಎಂದಳು.

"ನನಗೇ ಕಟ್ಟಳೆ ಹಾಕುತ್ತೀಯಾ?" ಎಂದು ನಕ್ಕು ಅವನು ಜಗಲಿಯ ಮೇಲೆ ಕುಳಿತ. ಆದರೆ ಕಣ್ಣು ಆಗಲೇ ಒಲೆಯ ಮೇಲಿತ್ತು.

ಅದನ್ನು ಕಂಡು ಅವಳಿಗೆ ಗಂಡನ ಚಾಳಿ ನೆನಪಾಯಿತು. ಬೆಂಕಿ ಕುಗ್ಗಿಸುವಂತಿಲ್ಲ, ಸರಿ. ಘಮ ಹೆಚ್ಚಿಸಬಾರದೆಂದು ಯಾರೂ ಹೇಳಿಲ್ಲವಲ್ಲ!

ಹಂದಿಯ ಕೂದಲು ಸುಟ್ಟು, ಹೆರೆದು, ತೊಳೆದು, ಉಪ್ಪು, ಅರಿಶಿನ, ಹುಣಸೆರಸ ಸವರಿ ಜಾಲರಿಯ ಮೇಲೆ ಮಲಗಿಸಿ ಮುಚ್ಚಳ ಕವುಚಿದಳು. ಸೀಬೆ ಕಟ್ಟಿಗೆಯ ಕೆಂಡ ಹದವಾಗಿ ಉರಿಯುತ್ತಿತ್ತು.

ಮೊದಲು ಒಲೆಯ ಬಾಯಿಂದ ಕೆಂಡಕ್ಕೆ ಚಕ್ಕೆಯ ಎಲೆ ಹಾಕಿದಳು. ಘಮ ಎದ್ದಿತು. ಕಬಳರಾಯನ ಬಾಯಲ್ಲಿ ನೀರೂರಿತು. "ಬೆಂದಿದೆಯಾ ನೋಡು!" ಎಂದು ನರಿಯನ್ನು ಅಟ್ಟಿದ. ನರಿ ಮುಚ್ಚಳ ಎತ್ತಿತು. ಕಾವೆಲ್ಲ ಮೇಲೆ ಹೋಯಿತು. "ಬೆಂದಿಲ್ಲ ಒಡೆಯಾ!"

"ಎತ್ತಬ್ಯಾಡಿ ಅಂದಿದ್ದೆ ಬುದ್ಧೀ" ಎಂದು ಕೆಂಪಾಚಿ ಮತ್ತೆ ಮುಚ್ಚಿದಳು.

ಮಧ್ಯಾಹ್ನ ಕೆಂಡಕ್ಕೆ ಕೊತ್ತಂಬರಿ ಬೀಜವನ್ನೂ ಬೆಳ್ಳುಳ್ಳಿಯನ್ನೂ ಹಾಕಿದಳು. ಕಬಳರಾಯ ಹದ್ದನ್ನು ಅಟ್ಟಿದ. ಹದ್ದು ಮುಚ್ಚಳ ಎತ್ತಿತೇನೋ ಸರಿ, ನಾನು ಮೊದಲು ನೋಡುತ್ತೇನೆಂದು ಎರಡು ತಲೆಗಳೂ ಜಗಳಕ್ಕೆ ಬಿದ್ದವು. ಅವು ರಾಜಿಯಾಗುವಷ್ಟರಲ್ಲಿ ಒಲೆ ತಣ್ಣಗಾಗಿತ್ತು. "ಬೆಂದಿಲ್ಲ ಒಡೆಯಾ!"

"ಎತ್ತಬ್ಯಾಡಿ ಅಂದಿದ್ದೆ ಬುದ್ಧೀ."

ಸೂರ್ಯ ಬೆಟ್ಟದ ನೆತ್ತಿಗೆ ಇಳಿದಾಗ ಕೆಂಡಕ್ಕೆ ತುಪ್ಪ ತೊಟ್ಟಿಕ್ಕಿಸಿದಳು. ಕಬಳರಾಯ ತಡೆಯಲಾರದೆ ತಾನೇ ಓಡಿಬಂದ. ಮುಚ್ಚಳ ಎತ್ತಿ ಹಿಡಿದು, ಕಣ್ಣು ಮುಚ್ಚಿ, ಘಮ ಎಳೆದುಕೊಳ್ಳುತ್ತ ನಿಂತೇಬಿಟ್ಟ. ಅವನ ಬಾಯಿಂದ ಜೊಲ್ಲು ಸುರಿದು ಕೆಂಡ ಚುಂಯ್ ಎಂದು ಆರಿತು.

ಕಣ್ಣು ಬಿಟ್ಟರೆ ಸೂರ್ಯ ಅರ್ಧ ಮುಳುಗಿದ್ದಾನೆ! ಗಾಬರಿಯಿಂದ ಹಂದಿಯ ತೊಡೆ ಹಿಡಿದು ಎಳೆದ. ಮಾಂಸ ಮೂಳೆ ಬಿಡಲಿಲ್ಲ. ಕಾಲು ಕೊಟ್ಟು ಎಳೆದ. ಬಿಡಲಿಲ್ಲ. "ಬಿಡೋ!" ಎಂದು ಸತ್ತ ಹಂದಿಗೇ ಕೂಗಿದ. ಅಷ್ಟರಲ್ಲಿ ಹೊತ್ತು ಮುಳುಗಿತು.

ಮಾಯೆ ಕಳಚಿತು. ನರಿ ಮಾತು ಮರೆತು ಕಾಡಿಗೆ ಓಡಿತು. ಹದ್ದಿಗೆ ಒಂದೇ ತಲೆ ಉಳಿಯಿತು, ಅದಕ್ಕೂ ನೆಮ್ಮದಿ. ಕಬಳರಾಯ ಹಲ್ಲಿಲ್ಲದ ಮುದುಕನಾಗಿ ಒಲೆಯ ಮುಂದೆ ಕುಕ್ಕರಿಸಿದ. ಕೆಂಪಾಚಿ ಮತ್ತೆ ಮುಚ್ಚಳ ಕವುಚಿ ಅವನ ಕೈಗೆ ಬೀಸಣಿಗೆ ಕೊಟ್ಟಳು. "ಬೀಸು ತಾತ, ಕೆಂಡ ಎಬ್ಬಿಸು. ಬೆಂದ ಮ್ಯಾಲೆ ನಿಂಗೂ ಒಂದು ತುಂಡು."

ದೊಡ್ಡಿಯ ಕಡೆಯಿಂದ ಬೇಟೆಗಾರರು ಎರಡೇ ಕಾಲಿನಲ್ಲಿ ಓಡಿಬಂದರು. ಎಲ್ಲರಿಗಿಂತ ಹಿಂದೆ, ಮೂಗಿಗೆಲ್ಲ ಕೆಸರು ಮೆತ್ತಿಕೊಂಡು, ಸಣ್ಣೀರ. ಅವನನ್ನು ಕಂಡದ್ದೇ ಕೆಂಪಾಚಿಯ ಎದೆಯ ಮೇಲಿನ ಬಂಡೆ ಇಳಿಯಿತು. ಅವನೋ ನೇರ ಒಲೆಯ ಹತ್ತಿರ ಹೋಗಿ ಮುಚ್ಚಳಕ್ಕೆ ಕೈ ಹಾಕಿದ.

"ಬೆಂತಾ?"

ಕೆಂಪಾಚಿ ಸೌಟು ಎತ್ತಿದಳು. ಎತ್ತಿದ ಕೈ ಇಳಿಯಲಿಲ್ಲ, ಕಣ್ಣೀರು ಇಳಿಯಿತು.

"ಎತ್ತಿ ನೋಡು" ಎಂದಳು.

ಅವನು ಎತ್ತಿ ನೋಡಿದ. "ಇನ್ನೂ ಬೆಂದಿಲ್ಲ ಕಣಮ್ಮಿ."

"ಬೇಯ್ಲಿ ಬಿಡು. ಈಗ ಯಾರಿಗೆ ಅವಸರ?"

ನಿಧಾನವಾಗಿಯೇ ಬೆಂದಿತು. ಹೊಂಬೆಟ್ಟದವರೆಲ್ಲ ಉಂಡು ಸುಖವಾಗಿದ್ದರು, ನಮ್ಮ ನಿಮ್ಮ ಪಾಲಿಗೆ ಉಳಿದದ್ದು ಅದರ ಘಮ.